ಎರಡು ತೂಕದ ಕಲ್ಲುಗಳು: ವಿದ್ಯಾರ್ಥಿ ಚುನಾವಣೆಯ ಕುರಿತು ಧರ್ಮಸಭೆಯ ನಿಲುವು

ಚೀಲದಲ್ಲಿ ಹೆಚ್ಚು ತೂಕದ ಕಲ್ಲೊಂದು, ಕಡಿಮೆ ತೂಕದ ಕಲ್ಲೊಂದು ಇರಬಾರದೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ (25:13-16). ಕೊಳ್ಳುವಾಗ ಒಂದು, ಮಾರುವಾಗ ಇನ್ನೊಂದು ಎಂಬ ವ್ಯಾಪಾರಿಯ ವಂಚನೆಯನ್ನು ಕುರಿತ ಈ ವಿಧಿ ಸಂಸ್ಥೆಗಳಿಗೂ ಸಲ್ಲುತ್ತದೆ. ರಾಜ್ಯಾಡಳಿತದ ಮೇಲೆ ಧರ್ಮದ ಪ್ರಭಾವ ಎಷ್ಟಿರಬೇಕು ಎಂಬ ಪ್ರಶ್ನೆಯನ್ನು ನಮ್ಮ ಗುರುಮಠಗಳಲ್ಲಿ ಸಾಮಾನ್ಯವಾಗಿ ಸಂವಿಧಾನ ಹಾಗೂ ಮಹಾಸಭೆಯ ದಾಖಲೆಗಳನ್ನು ಮುಂದಿಟ್ಟುಕೊಂಡು ಚರ್ಚಿಸುತ್ತೇವೆ. ಆದರೆ ಆ ಪ್ರಭಾವದ ಗುಣವನ್ನು ಪರೀಕ್ಷಿಸಲು ಹೆಚ್ಚು ತಕ್ಕ ಸ್ಥಳ ನಮ್ಮದೇ ಕಾಲೇಜುಗಳ ವಿದ್ಯಾರ್ಥಿ ಚುನಾವಣೆ. ಅಲ್ಲಿ ಧರ್ಮಸಭೆ ಸರ್ಕಾರದ ಮುಂದೆ ನಿಂತ ಅರ್ಜಿದಾರನಲ್ಲ, ಅದೇ ಸರ್ಕಾರ. ನೆರೆಯ ಕೇರಳದ ಇತಿಹಾಸ ಈ ಎರಡೂ ಸ್ಥಿತಿಗಳಲ್ಲಿ ಧರ್ಮಸಭೆ ಹೇಗೆ ನಡೆದುಕೊಂಡಿತೆಂಬುದನ್ನು ಅಕ್ಕಪಕ್ಕದಲ್ಲಿಟ್ಟು ನೋಡಲು ಅವಕಾಶ ಕೊಡುತ್ತದೆ.

1959: ಬೀದಿಯಲ್ಲಿ ಧರ್ಮಸಭೆ

1957ರ ಏಪ್ರಿಲ್‌ನಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ನೇತೃತ್ವದ ಕಮ್ಯುನಿಸ್ಟ್ ಸರ್ಕಾರ ಅಧಿಕಾರಕ್ಕೆ ಬಂದಿತು. ಅದರ ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿ ಕಥೋಲಿಕ ಕುಟುಂಬದವರು. ತ್ರಿಶೂರಿನ ಸಂತ ತೋಮಸ್ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದವರು. ಅವರು ಮಂಡಿಸಿದ ಶಿಕ್ಷಣ ಮಸೂದೆಯು ಖಾಸಗಿ ಶಾಲೆಗಳ ಶಿಕ್ಷಕರಿಗೆ ಸಂಬಳವನ್ನು ಸರ್ಕಾರದಿಂದಲೇ ನೇರವಾಗಿ ಕೊಡಿಸುವ, ನೇಮಕಾತಿಯಲ್ಲಿ ಆಡಳಿತ ಮಂಡಳಿಗಳ ಸ್ವಾತಂತ್ರ್ಯವನ್ನು ಮಿತಗೊಳಿಸುವ ಉದ್ದೇಶ ಹೊಂದಿತ್ತು. ರಾಷ್ಟ್ರಪತಿಗಳು ಅದನ್ನು ಸರ್ವೋಚ್ಚ ನ್ಯಾಯಾಲಯದ ಸಲಹೆಗೆ ಕಳುಹಿಸಿದರು. 1958ರಲ್ಲಿ ನ್ಯಾಯಾಲಯವು ಕೆಲವು ಅಂಶಗಳು ಸಂವಿಧಾನದ 30ನೇ ವಿಧಿಗೆ ವಿರುದ್ಧವೆಂದು ಅಭಿಪ್ರಾಯಪಟ್ಟಿತು. ಆದರೆ ಅದೇ ಅಭಿಪ್ರಾಯದಲ್ಲಿ, ಆಡಳಿತ ನಡೆಸುವ ಹಕ್ಕಿನಲ್ಲಿ ದುರಾಡಳಿತ ನಡೆಸುವ ಹಕ್ಕು ಅಡಕವಾಗಿಲ್ಲವೆಂದೂ ಸ್ಪಷ್ಟಪಡಿಸಿತು. ಈ ಎರಡನೆಯ ಮಾತನ್ನು ನಾವು ಮೊದಲನೆಯದರಷ್ಟು ನೆನೆಯುವುದಿಲ್ಲ.

ಮುಂದಿನದು 'ವಿಮೋಚನ ಸಮರ'. ಮನ್ನತ್ತು ಪದ್ಮನಾಭನ್ ನೇತೃತ್ವದ ನಾಯರ್ ಸಮಾಜ, ಮುಸ್ಲಿಂ ಲೀಗ್ ಹಾಗೂ ಕಾಂಗ್ರೆಸ್ಸಿನೊಂದಿಗೆ ಕಥೋಲಿಕ ಧರ್ಮಸಭೆ ಕೈಜೋಡಿಸಿತು. 1959ರ ಜೂನ್‌ನಲ್ಲಿ ಶಾಲಾ ವರ್ಷ ಆರಂಭವಾಗಬೇಕಿದ್ದಾಗ ಆಡಳಿತ ಮಂಡಳಿಗಳು ಬಾಗಿಲು ತೆರೆಯಲಿಲ್ಲ. ವಿದ್ಯಾರ್ಥಿಗಳು ತರಗತಿ ಬಿಟ್ಟು ಪಿಕೆಟಿಂಗಿಗೆ ಇಳಿದರು. ಎರಡು ವರ್ಷಗಳ ಹಿಂದೆಯಷ್ಟೇ ಹುಟ್ಟಿದ್ದ ಕೇರಳ ವಿದ್ಯಾರ್ಥಿ ಒಕ್ಕೂಟ (ಕೆ.ಎಸ್.ಯು.) ದೋಣಿ ಪ್ರಯಾಣದರದ ವಿರುದ್ಧ ನಡೆಸಿದ 'ಒಂದಾಣೆ ಸಮರ'ದಲ್ಲಿ ಆಗಲೇ ಪಳಗಿತ್ತು. ಅಂಗಮಾಲಿಯಲ್ಲಿ ಪೊಲೀಸರ ಗುಂಡಿಗೆ ಏಳು ಮಂದಿ ಬಲಿಯಾದರು. ಜುಲೈ 31ರಂದು ಕೇಂದ್ರವು ಚುನಾಯಿತ ಸರ್ಕಾರವನ್ನು ವಜಾಗೊಳಿಸಿತು.

ಆ ಸರ್ಕಾರದ ಗುಣದೋಷಗಳ ತೀರ್ಮಾನ ಈ ಲೇಖನದ ಉದ್ದೇಶವಲ್ಲ. ಗಮನಿಸಬೇಕಾದದ್ದು ಇಷ್ಟು: ಅಂದು ವಿದ್ಯಾರ್ಥಿಯ ರಾಜಕೀಯ ಧರ್ಮಸಭೆಗೆ ಅಶಿಸ್ತಾಗಿ ಕಾಣಲಿಲ್ಲ. ಪಾಠಪ್ರವಚನಗಳು ವಾರಗಟ್ಟಲೆ ನಿಂತದ್ದು ವಿದ್ಯೆಗೆ ಬಂದ ವಿಪತ್ತೆಂದು ಯಾರೂ ಎಣಿಸಲಿಲ್ಲ. ವಿಶ್ವಾಸದ ರಕ್ಷಣೆಗಾಗಿ ತೆತ್ತ ಬೆಲೆ ಎಂದೇ ಎಣಿಸಲಾಯಿತು.

2003: ನ್ಯಾಯಾಲಯದಲ್ಲಿ ಧರ್ಮಸಭೆ

ನಾಲ್ಕು ದಶಕಗಳ ತರುವಾಯ ಪಾಲಾಯಿ ಧರ್ಮಪ್ರಾಂತ್ಯದ ಸಂತ ತೋಮಸ್ ಕಾಲೇಜಿನ ವಿದ್ಯಾರ್ಥಿಯೊಬ್ಬನ ಪ್ರಕರಣ ಕೇರಳ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಆತ ಎಡಪಂಥೀಯ ವಿದ್ಯಾರ್ಥಿ ಸಂಘಟನೆಯ ಕಾರ್ಯಕರ್ತ. ಹಾಜರಿ ಕೊರತೆಯ ಕಾರಣ ಪರೀಕ್ಷೆಗೆ ಕೂರಲು ಅವಕಾಶ ಸಿಗದಿದ್ದಾಗ ಆರಂಭವಾದ ವ್ಯಾಜ್ಯ, ಕಾಲೇಜಿನ ಆವರಣದೊಳಗೆ ರಾಜಕೀಯ ಚಟುವಟಿಕೆಯನ್ನು ಆಡಳಿತವು ನಿಷೇಧಿಸಬಹುದೇ ಎಂಬ ಪ್ರಶ್ನೆಯವರೆಗೆ ಬೆಳೆಯಿತು. 2003ರ ತೀರ್ಪು, ನಿಷೇಧಿಸಬಹುದು ಎಂದಿತು. ಅದರಿಂದ ವಾಕ್‌ಸ್ವಾತಂತ್ರ್ಯಕ್ಕೂ ಸಂಘಟನಾ ಸ್ವಾತಂತ್ರ್ಯಕ್ಕೂ ಭಂಗವಿಲ್ಲವೆಂದಿತು. ಆ ವರ್ಷ ಕೇರಳದ ಮುಖ್ಯಮಂತ್ರಿಯಾಗಿದ್ದವರು ಎ.ಕೆ. ಆಂಟನಿ, ಕೆ.ಎಸ್.ಯು.ವಿನ ವಿದ್ಯಾರ್ಥಿ ರಾಜಕೀಯದಿಂದಲೇ ಬೆಳೆದುಬಂದವರು.

ನಿಷೇಧದ ಪರವಾದ ವಾದವನ್ನು ಹಗುರವಾಗಿ ಕಾಣಬಾರದು. ಮುಷ್ಕರ, ಹೊಡೆದಾಟ, ಪಕ್ಷಗಳ ಹಣ ಕೇರಳದ ಕಾಲೇಜುಗಳನ್ನು ನಿಜಕ್ಕೂ ಪೀಡಿಸಿವೆ. 2018ರ ಜುಲೈಯಲ್ಲಿ ಎರ್ನಾಕುಲಂನ ಮಹಾರಾಜಾಸ್ ಕಾಲೇಜಿನಲ್ಲಿ ವಿದ್ಯಾರ್ಥಿಯೊಬ್ಬನ ಕೊಲೆಯೇ ಆಯಿತು. ಮಗನನ್ನೋ ಮಗಳನ್ನೋ ನಮ್ಮ ಕೈಗೊಪ್ಪಿಸುವ ತಂದೆತಾಯಿಗಳ ಆತಂಕಕ್ಕೆ ಉತ್ತರ ಕೊಡಬೇಕಾದದ್ದು ಪ್ರಾಂಶುಪಾಲರೇ. ಆದರೆ ಹಿಂಸೆಯ ನಿಷೇಧ ಬೇರೆ, ರಾಜಕೀಯದ ನಿಷೇಧ ಬೇರೆ. 1959ರಲ್ಲಿ ತರಗತಿ ಬಿಟ್ಟು ಬಂದ ವಿದ್ಯಾರ್ಥಿ ವಿಶ್ವಾಸವೀರ. 2003ರಲ್ಲಿ ಆವರಣದೊಳಗೆ ಪಕ್ಷದ ಮಾತನಾಡಿದ ವಿದ್ಯಾರ್ಥಿ ಶಿಸ್ತುಗೇಡಿ. ಇವರಿಬ್ಬರ ನಡುವಣ ವ್ಯತ್ಯಾಸ ನಡತೆಯದೇ, ಪಕ್ಷದ್ದೇ? ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ದೊರೆಯುವವರೆಗೆ ಚೀಲದಲ್ಲಿ ಎರಡು ಕಲ್ಲುಗಳಿವೆ ಎಂಬ ಸಂಶಯ ನೀಗದು.

ಲಿಂಗ್ಡೊ ಸಮಿತಿ: ಒಂದೇ ಕಲ್ಲಿನ ಪ್ರಯತ್ನ

ಕೇರಳದ್ದೇ ಇನ್ನೊಂದು ವ್ಯಾಜ್ಯದಲ್ಲಿ ಕಾಲೇಜು ಪ್ರಾಂಶುಪಾಲರ ಸಮಿತಿಯೂ ಕೇರಳ ವಿಶ್ವವಿದ್ಯಾಲಯವೂ ಎದುರುಬದುರಾಗಿದ್ದವು. ಅದು ಸರ್ವೋಚ್ಚ ನ್ಯಾಯಾಲಯವನ್ನು ತಲುಪಿದಾಗ, 2005ರ ಡಿಸೆಂಬರಿನ ಆದೇಶದಂತೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೊ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. 2002ರಲ್ಲಿ ಗುಜರಾತಿನ ಚುನಾವಣೆಯ ದಿನಾಂಕ ಕುರಿತು ಅವರು ಕೈಗೊಂಡ ನಿರ್ಧಾರವನ್ನು ಅವರ ಕ್ರೈಸ್ತ ಹೆಸರಿಗೆ ಗಂಟುಹಾಕಿ ರಾಜಕೀಯ ವೇದಿಕೆಯಿಂದ ಆಡಿಕೊಂಡದ್ದುಂಟು. ಮತಗಣನೆಯ ಜಾಗಕ್ಕೆ ಮತಧರ್ಮ ನುಗ್ಗಿದರೆ ಏನಾಗುತ್ತದೆಂಬುದು ಅವರಿಗೆ ಪುಸ್ತಕದ ವಿಷಯವಾಗಿರಲಿಲ್ಲ.

2006ರ ಮೇ ತಿಂಗಳಲ್ಲಿ ಸಲ್ಲಿಕೆಯಾಗಿ ಸೆಪ್ಟೆಂಬರಿನಲ್ಲಿ ನ್ಯಾಯಾಲಯದ ಆದೇಶದಿಂದ ಜಾರಿಗೆ ಬಂದ ಶಿಫಾರಸುಗಳು ವಿವರವಾಗಿವೆ. ಶೈಕ್ಷಣಿಕ ವರ್ಷ ಆರಂಭವಾದ ಆರರಿಂದ ಎಂಟು ವಾರಗಳೊಳಗೆ ಚುನಾವಣೆ, ಅಭ್ಯರ್ಥಿಯೊಬ್ಬರಿಗೆ 5,000 ರೂಪಾಯಿ ವೆಚ್ಚದ ಮಿತಿ, 75 ಶೇಕಡಾ ಹಾಜರಿ, ರಾಜಕೀಯ ಪಕ್ಷಗಳ ಹಣಕ್ಕೆ ತಡೆ. ಜಾತಿ ಅಥವಾ ಕೋಮು ಭಾವನೆಯ ಹೆಸರಿನಲ್ಲಿ ಮತ ಕೇಳಕೂಡದು. ಆವರಣದ ಒಳಗಿರಲಿ ಹೊರಗಿರಲಿ, ಯಾವ ಆರಾಧನಾಲಯವನ್ನೂ ಪ್ರಚಾರಕ್ಕೆ ಬಳಸಕೂಡದು. ಈ ಕೊನೆಯ ನಿಯಮವನ್ನು ಓದುವಾಗ ನಮ್ಮ ಮನಸ್ಸು ಸಹಜವಾಗಿಯೇ ಇತರರ ಮಂದಿರ ಮಸೀದಿಗಳತ್ತ ಹೊರಳುತ್ತದೆ. ಆದರೆ ನಮ್ಮ ಕಾಲೇಜುಗಳ ಪ್ರಾರ್ಥನಾಲಯ ಆವರಣದ ನಡುವೆಯೇ ಇದೆ. ವಿದ್ಯಾರ್ಥಿನಿಲಯದ ಮೇಲ್ವಿಚಾರಕರು ಗುರುಗಳೋ ಧಾರ್ಮಿಕ ಭಗಿನಿಯರೋ ಆಗಿರುತ್ತಾರೆ. ರಾತ್ರಿಯ ಪ್ರಾರ್ಥನೆಯ ನಂತರ ಅವರ ಬಾಯಿಂದ ಬರುವ 'ನಮ್ಮ ಹುಡುಗ' ಎಂಬ ಒಂದು ಮಾತು ನೂರು ಭಿತ್ತಿಪತ್ರಗಳಿಗಿಂತ ಬಲವಾದದ್ದು.

ವರದಿಯ ದೌರ್ಬಲ್ಯವನ್ನೂ ಹೇಳಬೇಕು. ಪಕ್ಷಗಳಿಂದ ವಿದ್ಯಾರ್ಥಿ ಚುನಾವಣೆಯನ್ನು ಬೇರ್ಪಡಿಸುವ ಭರದಲ್ಲಿ ವಿಚಾರಗಳಿಂದಲೂ ಅದನ್ನು ಬೇರ್ಪಡಿಸುವ ಅಪಾಯವನ್ನು ಅದು ತಕ್ಕಷ್ಟು ತೂಗಲಿಲ್ಲ. ಪಕ್ಷದ ಗುರುತು ಅಳಿಸಿದ ಕಡೆ ಉಳಿಯುವುದು ಬಹಳ ಸಲ ಜಾತಿ, ಊರು, ಧರ್ಮಕೇಂದ್ರಗಳ ಗುರುತು. ಪರಿಸ್ಥಿತಿ ಪ್ರತಿಕೂಲವಾದ ಕಡೆ ನಾಮನಿರ್ದೇಶನಕ್ಕೆ ಸಮಿತಿ ಅವಕಾಶ ಕೊಟ್ಟಿದೆ, ಆದರೆ ಮಧ್ಯಂತರ ವ್ಯವಸ್ಥೆಯಾಗಿ ಮಾತ್ರ. ಅದನ್ನು ಶಾಶ್ವತವಾಗಿಸಿಕೊಂಡ ಆಡಳಿತ ವರದಿಯ ಆಶಯವನ್ನೇ ಕೈಬಿಟ್ಟಂತೆ.

ಮಹಾಸಭೆಯ ಅಳತೆ

ಇಪ್ಪತ್ತಮೂರನೆಯ ಯೊವಾನ್ನರು ಎರಡನೇ ವ್ಯಾಟಿಕನ್ ಮಹಾಸಭೆಯನ್ನು ಘೋಷಿಸಿದ್ದು 1959ರ ಜನವರಿಯಲ್ಲಿ. ವಿಮೋಚನ ಸಮರದ ಕೆಲವೇ ತಿಂಗಳ ಮುಂಚೆ. ಆದ್ದರಿಂದ ಸಮರದ ನಾಯಕರನ್ನು ಅವರು ಇನ್ನೂ ಓದಿರದ ದಾಖಲೆಗಳಿಂದ ಅಳೆಯುವುದು ನ್ಯಾಯವಲ್ಲ. ನಮಗೆ ಆ ವಿನಾಯಿತಿ ಇಲ್ಲ. 1965ರ 'ಗೌದಿಯುಂ ಎತ್ ಸ್ಪೇಸ್' (76) ಎರಡು ಕಾರ್ಯಗಳನ್ನು ಬೇರ್ಪಡಿಸುತ್ತದೆ: ಕ್ರೈಸ್ತರು ನಾಗರಿಕರಾಗಿ ತಮ್ಮ ಹೆಸರಿನಲ್ಲಿ ಮಾಡುವುದು, ಪಾಲಕರೊಡಗೂಡಿ ಧರ್ಮಸಭೆಯ ಹೆಸರಿನಲ್ಲಿ ಮಾಡುವುದು. ರಾಜಕೀಯ ವಿಷಯಗಳ ಮೇಲೂ ನೈತಿಕ ತೀರ್ಪು ನೀಡುವ ಹಕ್ಕನ್ನು ಅದು ಧರ್ಮಸಭೆಗೆ ಉಳಿಸಿಕೊಡುತ್ತದೆ. ಹಾಗೆಯೇ, ನ್ಯಾಯವಾಗಿ ದೊರೆತ ಹಕ್ಕಾದರೂ ಅದರ ಬಳಕೆ ನಮ್ಮ ಸಾಕ್ಷ್ಯದ ಪ್ರಾಮಾಣಿಕತೆಯನ್ನು ಸಂಶಯಕ್ಕೀಡುಮಾಡಿದರೆ ಅದನ್ನು ಬಿಟ್ಟುಕೊಡಲು ಸಿದ್ಧರಿರಬೇಕೆನ್ನುತ್ತದೆ. ಮೂವತ್ತನೆಯ ವಿಧಿಯ ಹಕ್ಕನ್ನು ಈ ಮಾತಿನ ಬೆಳಕಿನಲ್ಲಿ ಓದಬೇಕು. ಅಲ್ಪಸಂಖ್ಯಾತರನ್ನು ಬಹುಸಂಖ್ಯೆಯ ಒತ್ತಡದಿಂದ ಕಾಪಾಡಲು ಬಂದ ಹಕ್ಕು ಅದು. ನಮ್ಮದೇ ಆವರಣದಲ್ಲಿ ಅಲ್ಪಸಂಖ್ಯೆಯಾದ ಅಭಿಪ್ರಾಯವನ್ನು ಅದೇ ಹಕ್ಕಿನಿಂದ ಅಡಗಿಸಿದರೆ ಅಕ್ಷರ ಉಳಿದು ಅರ್ಥ ಹೋಗುತ್ತದೆ.

ಧರ್ಮಸಭೆಯ ಕಾನೂನು ಸಂಹಿತೆ (287) ಯಾಜಕರು ಪಕ್ಷಗಳಲ್ಲಿ ಸಕ್ರಿಯರಾಗುವುದನ್ನು ತಡೆಯುತ್ತದೆ. ಧರ್ಮಸಭೆಯ ಹಕ್ಕುಗಳ ರಕ್ಷಣೆ, ಸರ್ವರ ಹಿತ ಎಂಬ ಎರಡು ಕಾರಣಗಳಿಗೆ ಮಾತ್ರ, ಅದೂ ಅಧಿಕಾರಸ್ಥರ ವಿವೇಚನೆಯ ಮೇರೆಗೆ, ವಿನಾಯಿತಿ ನೀಡುತ್ತದೆ. ಈ ಎರಡರಲ್ಲಿ ಮೊದಲನೆಯದು ನಮ್ಮ ಕೈಗೆ ಬೇಗ ಸಿಗುತ್ತದೆ. ವಿಮೋಚನ ಸಮರದ ಮುಂಚೂಣಿಯಲ್ಲಿದ್ದ ಫಾದರ್ ಜೋಸೆಫ್ ವಡಕ್ಕನ್ ಮುಂದೆ ಒಕ್ಕಲೆಬ್ಬಿಸಲಾದ ರೈತರ ಪರವಾಗಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಪಕ್ಕದಲ್ಲೇ ನಿಂತರು. ಅವರ ಎಲ್ಲ ನಡೆಗಳನ್ನೂ ಒಪ್ಪಬೇಕಾಗಿಲ್ಲ. ಸ್ವಂತ ಹಕ್ಕಿನಿಂದ ಸರ್ವರ ಹಿತದತ್ತ ಸಾಗುವ ದಾರಿಯೊಂದಿದೆ ಎಂಬುದಂತೂ ಅವರ ಬಾಳಿನಿಂದ ತಿಳಿಯುತ್ತದೆ.

ಚುನಾವಣೆ ನಮಗೆ ಪರಕೀಯವೂ ಅಲ್ಲ. ಸಂತ ಬೆನೆದಿಕ್ತರ ನಿಯಮವು (ಅಧ್ಯಾಯ 3) ಮಹತ್ವದ ವಿಷಯಗಳಲ್ಲಿ ಮಠದ ಎಲ್ಲರನ್ನೂ ಕರೆದು ಕೇಳಬೇಕೆನ್ನುತ್ತದೆ. ಪ್ರಭು ಹೆಚ್ಚು ಒಳಿತಾದುದನ್ನು ಅನೇಕ ವೇಳೆ ಕಿರಿಯರಿಗೆ ತೋರಿಸಿಕೊಡುತ್ತಾರೆ ಎಂಬುದು ಅದಕ್ಕೆ ಕೊಡುವ ಕಾರಣ.

ನಮ್ಮ ನೆಲದಲ್ಲಿ

ಕರ್ನಾಟಕದಲ್ಲಿ 1989-90ರ ಹೊತ್ತಿಗೆ ಕಾಲೇಜುಗಳ ವಿದ್ಯಾರ್ಥಿ ಸಂಘದ ಚುನಾವಣೆಗಳನ್ನು ಸರ್ಕಾರ ನಿಲ್ಲಿಸಿತು. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದದ್ದೂ 1989ರಲ್ಲೇ. ಶಾಸನಸಭೆಗೆ ಪ್ರತಿನಿಧಿಯನ್ನು ಆರಿಸಲು ಅರ್ಹನಾದ ದಿನದಲ್ಲೇ ತರುಣನು ತನ್ನ ಕಾಲೇಜಿನ ಪ್ರತಿನಿಧಿಯನ್ನು ಆರಿಸಲು ಅನರ್ಹನಾದ. ಈ ನಿಷೇಧ ನಮ್ಮ ಸಂಸ್ಥೆಗಳಿಗೆ ನೆಮ್ಮದಿ ತಂದಿದೆ, ನಿಜ. ಆದರೆ ಯುವಜನರು ಹೀಗೆ ಕಳೆದುಕೊಂಡ ತಾಲೀಮನ್ನು ಬೇರೆಡೆ, ಧರ್ಮದ ಹೆಸರಿನಲ್ಲಿ ಕರೆಯುವ ಸಂಘಟನೆಗಳಲ್ಲಿ, ಪಡೆಯುತ್ತಾರೆ. ಧರ್ಮವು ಆಳ್ವಿಕೆಯ ಮೇಲೆ ಬೀರುವ ಅನಾರೋಗ್ಯಕರ ಪ್ರಭಾವವನ್ನು ಕುರಿತು ಕಳವಳಪಡುವ ನಾವು ಅದಕ್ಕೆ ಮದ್ದಾಗಬಲ್ಲ ಶಾಲೆಯನ್ನೇ ಮುಚ್ಚಿದಂತಾಯಿತು.

ಇಂದಿನ ಗುರುವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಪ್ರಾಂಶುಪಾಲರೂ ವಿದ್ಯಾರ್ಥಿನಿಲಯದ ಮೇಲ್ವಿಚಾರಕರೂ ಆಗುವರು. ಅವರ ಮುಂದೆ ಇಡಬಹುದಾದ ನಿಯಮಗಳು ಸರಳವಾಗಿವೆ. ಪ್ರತಿನಿಧಿಗಳ ಆಯ್ಕೆ ಎಲ್ಲೆಲ್ಲಿ ನಮ್ಮ ಕೈಯಲ್ಲಿದೆಯೋ ಅಲ್ಲಿ ಗುಪ್ತ ಮತದಾನವಿರಲಿ. ದೂರು ಕೇಳುವ ಸಮಿತಿಯಲ್ಲಿ ಆಡಳಿತದ ಹೊರಗಿನವರೂ ಇರಲಿ. ಕಥೋಲಿಕ ಯುವಸಂಘಟನೆಗೆ ಕೊಟ್ಟ ಸಭಾಂಗಣ, ಸಮಯ, ಸೂಚನಾಫಲಕ ಇತರ ಸಂಘಟನೆಗಳಿಗೂ ದೊರೆಯಲಿ. ಒಬ್ಬರಿಗೆ ನಿಷೇಧವಾದರೆ ಎಲ್ಲರಿಗೂ ನಿಷೇಧವಾಗಲಿ. ಹೊಡೆದವನಿಗೆ ಶಿಕ್ಷೆಯಾಗಲಿ, ಮಾತನಾಡಿದವನಿಗೆ ಬೇಡ. ಪೀಠದಿಂದ ಅಭ್ಯರ್ಥಿಯ ಹೆಸರು ಕೇಳಿಸದಿರಲಿ. ಸರ್ವರ ಹಿತ, ಬಡವರ ಆದ್ಯತೆ, ಆತ್ಮಸಾಕ್ಷಿ ಎಂಬ ಮಾತುಗಳು ಧಾರಾಳವಾಗಿ ಕೇಳಿಸಲಿ.

ಕೊನೆಯ ಪರೀಕ್ಷೆ ಫಲಿತಾಂಶದ ದಿನದ್ದು. ನಮ್ಮ ಸಂಸ್ಥೆಯನ್ನು ಬಹಿರಂಗವಾಗಿ ಟೀಕಿಸಿದ ಅಭ್ಯರ್ಥಿ ಗೆದ್ದಾಗ ಆತನಿಗೆ ಪ್ರಮಾಣವಚನ ಬೋಧಿಸಿ, ಆತನ ಮನವಿಯನ್ನು ಓದಿ, ನ್ಯಾಯವಾದುದನ್ನು ಜಾರಿಗೆ ತರುವ ಪ್ರಾಂಶುಪಾಲರು ಸರ್ಕಾರದ ಮುಂದೆ ಅಲ್ಪಸಂಖ್ಯಾತರ ಹಕ್ಕಿನ ಮಾತನ್ನು ತಲೆಯೆತ್ತಿ ಆಡಬಲ್ಲರು. ಅವರ ಚೀಲದಲ್ಲಿ ಇರುವುದು ಒಂದೇ ಕಲ್ಲು.