ಕೊಯ್ತಾ ಇರುವಾಗ 10 ಇಂಚಿನ ಚಾಕು ಯಾಕೆ?

ಹುಮನಾಬಾದ್, ಬಸವಕಲ್ಯಾಣದ ಕಡೆ ಕಬ್ಬಿನ ಕಟಾವು ನಡೆದಿರುವಾಗ ಚಾಕುವಿನ ಅಳತೆಯ ಜಗಳವನ್ನು ಬಾಕಿ ಇಡುವುದು ಸರಿಯಲ್ಲ. ಹೊಲಕ್ಕೆ, ಕಾಡಿಗೆ, ಚಾರಣಕ್ಕೆ ಒಯ್ಯುವ ಮಡಚದ ಚಾಕು ಎಷ್ಟುದ್ದ ಇರಬೇಕು? ಅಲಗು 4 ಇಂಚು, ದಪ್ಪ 3 ಮಿ.ಮೀ. ದಾಟಬಾರದು, ಉಕ್ಕು ಹಿಡಿಯ ಕೊನೆತನಕ ಹೋಗಿರಬೇಕು. ಇಷ್ಟೇ ನನ್ನ ಪಟ್ಟು. ‘ಸರ್ವೈವಲ್’ ಚಾಕುವಿನ ಪಂಗಡದವರಿಗೆ ಇದು ನಗೆಪಾಟಲು. ಅವರಿಗೆ 10 ಇಂಚು ಉದ್ದ, 6 ಮಿ.ಮೀ. ದಪ್ಪ, ಬೆನ್ನ ಮೇಲೆ ಗರಗಸದ ಹಲ್ಲು ಬೇಕು. ಅದೊಂದರಲ್ಲೇ ಕೊಂಬೆ ಕಡಿದು, ಸೌದೆ ಸೀಳಿ, ಈರುಳ್ಳಿಯನ್ನೂ ಹೆಚ್ಚಬೇಕು. ಹೆಚ್ಚಿ ನೋಡಲಿ. ಅಷ್ಟು ದಪ್ಪದ ಅಲಗು ಈರುಳ್ಳಿಯನ್ನು ಕೊಯ್ಯುವುದಿಲ್ಲ, ಒಡೆಯುತ್ತದೆ.

ಕಡಿಯುವ ಕೆಲಸ ಎಂಥ ಅಲಗು ಕೇಳುತ್ತದೆ ಎಂಬುದಕ್ಕೆ ಕಟಾವಿನ ಗ್ಯಾಂಗಿನವರು ಕಬ್ಬು ಕಡಿಯುವ ಕತ್ತಿ, ಕೊಯ್ತಾ, ನೋಡಬೇಕು. ಅಲಗು ಅಗಲ, ತೂಕವೆಲ್ಲ ಮುಂದಕ್ಕೆ, ಬಾಯಿ ಒಳಬಾಗಿನ ಕಡೆ. ಕಬ್ಬಿನಲ್ಲಿ ಸಕ್ಕರೆ ಹೆಚ್ಚಿರುವುದು ಬುಡದ ಗಣಿಕೆಗಳಲ್ಲಿ. ನೆಲಕ್ಕೆ ಹತ್ತಿ ಕಡಿಯದಿದ್ದರೆ ತೂಕವೂ ಹೋಯಿತು, ಉಳಿದ ಮೋಟಿನಿಂದ ಮುಂದಿನ ಕೂಳೆ ಬೆಳೆಯೂ ಸೊರಗಿತು. ಬಗ್ಗಿ ಬೀಸುವ ಆ ಏಟಿಗೆ ಮುಂದಿನ ತೂಕವೇ ಬಲ. ಕಬ್ಬು ಕೈಗೆ ಬಂದ ಮೇಲೆ ರವದಿ (ಒಣಗರಿ) ಸವರುವುದೂ ಅದರಲ್ಲೇ. ಇಂಥ ಆಯುಧಕ್ಕೆ ಕಂಬಾರರು ಮೆಚ್ಚುವ ಉಕ್ಕು ಲಾರಿಯ ಹಳೆಯ ಕಮಾನು ಪಟ್ಟಿ. ಲಾರಿಗಳ ಆಟೋನಗರ ಇರುವ ಬಸವಕಲ್ಯಾಣದಲ್ಲಿ ಅದಕ್ಕೇನು ಬರ! ಶೇ 0.6ರ ಆಸುಪಾಸು ಇಂಗಾಲವಿರುವ ಈ ಉಕ್ಕು ಸರಿಯಾಗಿ ಹದಗೊಂಡರೆ ಏಟಿಗೆ ಸುಲಭಕ್ಕೆ ಮುರಿಯದು, ಬಾಯಿ ಮೊಂಡಾದರೆ ಅರಕ್ಕೆ ಬಗ್ಗುತ್ತದೆ. ತುಕ್ಕು ಹಿಡಿಯುತ್ತದೆ ಎಂಬ ಆಕ್ಷೇಪ ನಿಜ. ಒರೆಸಿ ಎಣ್ಣೆ ಸವರಲು ಬೇಸರವಾದರೆ ಸ್ಟೇನ್‌ಲೆಸ್ ಕೊಳ್ಳಿ, ನನ್ನದೇನೂ ತಕರಾರಿಲ್ಲ.

ಕಡಿಯಲೊಂದು, ಕೊಯ್ಯಲೊಂದು ಎಂದು ಎರಡೆರಡು ಯಾಕೆ ಹೊರಬೇಕು ಎಂಬುದು ‘ಸರ್ವೈವಲ್’ ಪಂಗಡದವರ ಗಟ್ಟಿ ಪ್ರಶ್ನೆ. ಕೊಡವರು ಅದನ್ನು ಎಂದೋ ಇತ್ಯರ್ಥ ಮಾಡಿದ್ದಾರೆ: ಬೆನ್ನಿನ ತೊಡಂಗ್ ಎಂಬ ಕೊಂಡಿಯಲ್ಲಿ ಅಗಲದ ಒಡಿಕತ್ತಿ, ಸೊಂಟದ ಮುಂದೆ ಪುಟ್ಟ ಪೀಚೆಕತ್ತಿ. ಒಡಿಕತ್ತಿಯ ಬಾಯಿಯೂ ಬಾಗಿನ ಒಳಗಡೆಗೇ. ಮದುವೆಯಲ್ಲಿ ಬಾಳೆದಿಂಡು ಕಡಿಯಲು ಎತ್ತುವುದು ಅದನ್ನೇ. ಪೀಚೆಕತ್ತಿ ಸೊಂಟದಲ್ಲೇ ಉಳಿಯುತ್ತದೆ. ಅಮೆರಿಕದ ಲೇಖಕ ನೆಸ್ಮಕ್ 1884ರ ‘ವುಡ್‌ಕ್ರಾಫ್ಟ್’ ಪುಸ್ತಕದಲ್ಲಿ ಹೊರಿಸುವುದೂ ಇಂಥದೇ ಸಂಸಾರ: ಕಡಿಯಲು ಕಿರುಗೊಡಲಿ, ಕೊಯ್ಯಲು ತೆಳುವಾದ ಒರೆಚಾಕು, ಜೇಬಿಗೊಂದು ಮಡಚುವ ಚಾಕು. ಕಾಡಿಗೆಂದು ಮಾರುವ ದಪ್ಪ ಚಾಕುಗಳ ಮೇಲೆ ಆತನಿಗೂ ಸಿಟ್ಟಿತ್ತು. ಹೊರೆ ಹೆಚ್ಚಾಗುತ್ತದೆ ಎನ್ನುವವರಿಗೆ ಒಂದು ಮಾತು: ಹೊಲದ ಬದುವಿನಲ್ಲಿ ದಿನವಿಡೀ ನಡೆಯುವುದು ಹಗ್ಗ ಕೊಯ್ಯುವ, ಚೀಲದ ಹೊಲಿಗೆ ಬಿಚ್ಚುವ, ಗೂಟದ ತುದಿ ಚೂಪು ಮಾಡುವ ಕೆಲಸ. ಇವಕ್ಕೆಲ್ಲ ಬಾಯಿ ಹಿಡಿಗೆ ಹತ್ತಿರವಿದ್ದಷ್ಟೂ ಮಣಿಕಟ್ಟಿನ ಹಿಡಿತ ಹೆಚ್ಚು. ಕಡಿಯುವ ಕೆಲಸವಿಲ್ಲದ ದಿನ ಕೊಯ್ತಾ ಮನೆಯಲ್ಲೇ ಇರಲಿ.

ಕಾನೂನಿನ ಮಾತೂ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದು ಎಣಿಸುವ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳಿವೆ. ಮನೆಬಳಕೆಗೆ, ಕೃಷಿಗೆ ಎಂದು ಮಾಡಿದವು ಅದರಿಂದ ಹೊರಗೆ. ಕೊಯ್ತಾ ಕಬ್ಬು ಕಡಿಯುತ್ತದೆ. ಗರಗಸದ ಬೆನ್ನಿನ 10 ಇಂಚಿನದು ಯಾವ ಬೆಳೆ ಕೊಯ್ಯುತ್ತದೆ ಎಂದು ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಪೊಲೀಸರು ಕೇಳಿದರೆ, ಕೊಂಡವರೇ ಉತ್ತರ ಹುಡುಕಿಕೊಳ್ಳಬೇಕು.