ಮೂಲೆಯ ಟೆಲಿಫೋನ್ ಬೂತಿನ ಮೇಲೆ ಕಣ್ಣಿರಲಿ

ಯುದ್ಧದ ಸಿನಿಮಾ ಎಂದುಕೊಂಡು ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ ನೋಡಲು ಕೂತವರಿಗೆ ಮೊದಲ ಅರ್ಧ ಗಂಟೆಯಲ್ಲೇ ಚಡಪಡಿಕೆ ಶುರುವಾಗುತ್ತದೆ. ಗುಂಡು ಹಾರುವುದಿಲ್ಲ, ರಣರಂಗದ ಒಂದು ಫ್ಲ್ಯಾಶ್‌ಬ್ಯಾಕೂ ಇಲ್ಲ. 1946ರ ಈ ಕಪ್ಪು-ಬಿಳುಪು ಅಮೆರಿಕನ್ ಚಿತ್ರ ಹೆಚ್ಚುಕಡಿಮೆ ಮೂರು ಗಂಟೆಯದು. ಎರಡನೇ ಮಹಾಯುದ್ಧ ಮುಗಿದು ಮೂವರು ತಮ್ಮೂರಿಗೆ ಮರಳುತ್ತಾರೆ: ಮೊದಲು ಬ್ಯಾಂಕಿನಲ್ಲಿದ್ದ ಸಾರ್ಜೆಂಟ್ ಆಲ್, ಔಷಧದಂಗಡಿಯಲ್ಲಿ ಸೋಡಾ-ಐಸ್‌ಕ್ರೀಮ್ ಕೊಡುತ್ತಿದ್ದು ವಾಯುಪಡೆಯಲ್ಲಿ ಕ್ಯಾಪ್ಟನ್ ಆದ ಫ್ರೆಡ್, ಎರಡೂ ಕೈ ಕಳೆದುಕೊಂಡ ನಾವಿಕ ಹೋಮರ್. ಮುಂದೇನಾಯಿತು ಎಂಬ ಅವಸರದಲ್ಲಿ ನೋಡಿದರೆ ಇದು ಸಪ್ಪೆ. ಯಾರು ಎಲ್ಲಿ ನಿಂತಿದ್ದಾರೆ ಎಂದು ನೋಡುವವರಿಗೆ ರುಚಿ ಹತ್ತುತ್ತದೆ.

ಯಾಕೆಂದರೆ ನಿರ್ದೇಶಕ ವಿಲಿಯಂ ವೈಲರ್ ಮತ್ತು ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ಕತೆ ಹೇಳುವುದೇ ಹಾಗೆ. ‘ಸಿಟಿಜನ್ ಕೇನ್’ ಚಿತ್ರೀಕರಿಸಿದ್ದೂ ಇದೇ ಟೋಲೆಂಡ್. ಅವನ ಕ್ಯಾಮೆರಾದಲ್ಲಿ ಹತ್ತಿರದ ಮುಖವೂ ದೂರದ ಗೋಡೆಯೂ ಒಟ್ಟಿಗೆ ಸ್ಪಷ್ಟ. ಇಲ್ಲಿ ನೋಡು, ಈಗ ಅಲ್ಲಿ ನೋಡು ಎಂದು ಎಡಿಟಿಂಗ್ ಕತ್ತು ಹಿಡಿದು ತಿರುಗಿಸುವುದಿಲ್ಲ. ಆಯ್ಕೆ ನಿಮ್ಮ ಕಣ್ಣಿನದು.

ಆಲ್ ಮನೆಗೆ ಬರುವ ದೃಶ್ಯದಲ್ಲೇ ಅಭ್ಯಾಸ ಶುರುಮಾಡಿ. ಬಾಗಿಲು ತೆರೆದ ಮಕ್ಕಳ ಬಾಯಿಗೆ ಅವನು ಕೈ ಅಡ್ಡ ಹಿಡಿಯುತ್ತಾನೆ. ಒಳಗಿನಿಂದ ಹೆಂಡತಿ ಮಿಲಿ, ಯಾರದು ಬಂದಿದ್ದು ಎಂದು ಕೇಳುತ್ತಾಳೆ. ಉತ್ತರವಿಲ್ಲ. ಆ ಮೌನದಿಂದಲೇ ಅವಳಿಗೆ ಗೊತ್ತಾಗುತ್ತದೆ. ಆಮೇಲೆ ಉದ್ದನೆಯ ಹಜಾರದ ಎರಡು ತುದಿಗಳಲ್ಲಿ ಗಂಡ ಹೆಂಡತಿ. ಇಷ್ಟು ವರ್ಷಗಳ ಅಂತರವನ್ನು ವೈಲರ್ ಮಾತಿಗೆ ಬಿಡದೆ ನೆಲದ ಮೇಲೆ ಅಳೆದು ತೋರಿಸುತ್ತಾನೆ.

ಇನ್ನು ಬುಚ್‌ನ ಬಾರಿನ ದೃಶ್ಯ. ಇದನ್ನು ಎರಡು ಸಲ ನೋಡಿ. ಎರಡನೇ ಸಲ ಬೇಕಾದರೆ ಶಬ್ದ ಆರಿಸಿಯೇ ನೋಡಿ. ಫ್ರೆಡ್‌ಗೆ ಮದುವೆಯಾಗಿದೆ, ಆದರೂ ಆಲ್‌ನ ಮಗಳು ಪೆಗ್ಗಿಯ ಮೇಲೆ ಮನಸ್ಸು. ಅವಳ ಸಹವಾಸ ಬಿಡು ಎಂದು ಆಲ್ ಕಟ್ಟುನಿಟ್ಟಾಗಿ ಹೇಳಿದ್ದಾನೆ. ಫ್ರೆಡ್ ಎದ್ದು, ದೂರದ ಮೂಲೆಯ ಟೆಲಿಫೋನ್ ಬೂತಿಗೆ ಹೋಗಿ ಪೆಗ್ಗಿಗೆ ಫೋನ್ ಮಾಡುತ್ತಾನೆ. ಅಷ್ಟರಲ್ಲಿ ಹೋಮರ್ ಬಂದು, ತನ್ನ ಕಬ್ಬಿಣದ ಕೊಕ್ಕೆಗಳಿಂದ ಬುಚ್ ಜೊತೆ ಪಿಯಾನೊ ಬಾರಿಸಿ ತೋರಿಸುತ್ತಾನೆ. ಪಿಯಾನೊ ನಮ್ಮ ಮೂಗಿನ ಮುಂದಿದೆ. ಬೂತು ಹಿಂದೆ, ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ. ಫ್ರೆಡ್‌ನ ಒಂದು ಮಾತೂ ಕೇಳಿಸುವುದಿಲ್ಲ. ಆದರೆ ಮೂರು ಜೀವಗಳ ಲೆಕ್ಕ ತೀರುತ್ತಿರುವುದು ಅಲ್ಲಿ. ನಡುವೆ ನಿಂತ ಆಲ್ ಪಿಯಾನೊಗೆ ನಗುತ್ತ ಕದ್ದು ಕದ್ದು ಬೂತಿನತ್ತ ನೋಡುತ್ತಾನೆ. ಎಲ್ಲಿ ನೋಡಬೇಕೆಂದು ತಿಳಿಯದಿದ್ದರೆ ಅವನ ಕಣ್ಣಿನ ಹಿಂದೆ ಹೋಗಿ. ಫ್ರೆಂಚ್ ವಿಮರ್ಶಕ ಆಂದ್ರೆ ಬಜಾನ್ ವೈಲರ್ ಬಗ್ಗೆ ಬರೆದ ಪ್ರಬಂಧದಿಂದ ಈ ದೃಶ್ಯ ಸಿನಿಮಾ ಪಾಠವೇ ಆಗಿಹೋಯಿತು. ಫ್ರೆಡ್‌ನ ಮುಖಕ್ಕೊಂದು ಕ್ಲೋಸಪ್, ಹಿನ್ನೆಲೆಗೊಂದು ಪಿಟೀಲು ಹಾಕಿದ್ದರೆ ನಾವು ಅತ್ತು ಮರೆತುಬಿಡುತ್ತಿದ್ದೆವು.

ಹೋಮರ್ ಆದ ಹೆರಾಲ್ಡ್ ರಸೆಲ್ ವೃತ್ತಿನಟನಲ್ಲ, ಸೈನಿಕ. 1944ರಲ್ಲಿ ಅಮೆರಿಕದಲ್ಲೇ ತರಬೇತಿಯ ಹೊತ್ತಿಗೆ ಸ್ಫೋಟಕ ಸಿಡಿದು ಕೈ ಹೋದವು. ಚಿತ್ರಕ್ಕೆ ಆಧಾರವಾದ ಮೂಲ ಕೃತಿಯ ಹೋಮರ್‌ಗೆ ಇದ್ದ ಊನ ಬೇರೆ. ರಸೆಲ್‌ನನ್ನು ಸೇನೆಯ ಸಾಕ್ಷ್ಯಚಿತ್ರವೊಂದರಲ್ಲಿ ಕಂಡ ಮೇಲೆ ವೈಲರ್ ಪಾತ್ರವನ್ನೇ ಬದಲಿಸಿದ. ಈ ಪಾತ್ರಕ್ಕೆ ರಸೆಲ್‌ಗೆ ಎರಡು ಆಸ್ಕರ್ ಸಿಕ್ಕಿದವು, ಒಂದು ಪೋಷಕ ನಟನೆಂದು, ಇನ್ನೊಂದು ಗೌರವಾರ್ಥ. ಅವನ ಸಂಭಾಷಣೆ ಕೆಲವೆಡೆ ಒಪ್ಪಿಸಿದಂತಿದೆ ನಿಜ. ಆದರೆ ಅವನು ಕಡ್ಡಿ ಗೀರಿ ಸಿಗರೇಟು ಹಚ್ಚುವುದನ್ನೂ, ಮಲಗುವ ಮುಂಚೆ ಕೊಕ್ಕೆಗಳ ಪಟ್ಟಿ ಕಳಚಿ ಹೋಮರ್‌ನ ಪ್ರೇಯಸಿ ವಿಲ್ಮಾಗೆ ತೋರಿಸುವುದನ್ನೂ ನೋಡಿ. ವಿಲ್ಮಾ ಸುಮ್ಮನೆ ಅಂಗಿಯ ಗುಂಡಿ ಹಾಕುತ್ತಾಳೆ. ಅನುಕಂಪವನ್ನು ಹೀಗೆ ದೂರವಿಟ್ಟ ಪ್ರೇಮದೃಶ್ಯಗಳು ಕಡಿಮೆ.

ವಿಮಾನಗಳ ಗುಜರಿಯಲ್ಲಿ ಫ್ರೆಡ್ ಹಳೆಯ ಬಾಂಬರ್ ಹತ್ತಿ ಕೂರುವ ಭಾಗ ಪ್ರಸಿದ್ಧ, ನಿಮಗೆ ತಾನಾಗಿಯೇ ದಕ್ಕುತ್ತದೆ. ಇದಕ್ಕೂ ಮುಂಚೆ ಮೂವರೂ ಊರಿಗೆ ಹಾರಿ ಬಂದದ್ದು ಬಾಂಬರ್‌ನ ಗಾಜಿನ ಮೂತಿಯಲ್ಲಿ ಕೂತೇ ಎಂಬುದು ನೆನಪಿದ್ದರೆ ಸಾಕು. ಸ್ವತಃ ವೈಲರ್ ಸೇನೆಗಾಗಿ ಸಾಕ್ಷ್ಯಚಿತ್ರ ತೆಗೆಯಲು ಇಂಥ ವಿಮಾನಗಳಲ್ಲಿ ಹಾರಿದವನು. ಒಂದು ಕಿವಿ ಹೋದದ್ದೂ ಆ ಕೆಲಸದಲ್ಲೇ.

ಏಳೆಂಟು ಆಸ್ಕರ್ ಬಂದಿದೆಯೆಂದು ಎಲ್ಲಕ್ಕೂ ತಲೆದೂಗಬೇಕಿಲ್ಲ. ಫ್ರೆಡ್‌ನ ಹೆಂಡತಿ ಮೇರಿಯ ವಿಷಯದಲ್ಲಿ ಚಿತ್ರ ಮೋಸ ಮಾಡಿದೆ. ಅವಳನ್ನು ದುಡ್ಡು, ಮೋಜಿನ ಹೆಂಗಸಾಗಿಸಿಬಿಟ್ಟರೆ ಪೆಗ್ಗಿಯ ದಾರಿ ಸಲೀಸು ತಾನೇ? ಗಂಡ ಕೆಲಸವಿಲ್ಲದೆ ಕೂತಾಗ ಅವಳಿಗೂ ಒಂದು ನ್ಯಾಯ ಇತ್ತು. ಅದನ್ನು ಹೇಳಲು ಯಾರೂ ಅವಳಿಗೆ ಎರಡು ನಿಮಿಷ ಕೊಡುವುದಿಲ್ಲ. ಆಲ್‌ನ ಕುಡಿತದಲ್ಲಿ ಮಾತ್ರ ಬರವಣಿಗೆ ಜಾಣ. ಬ್ಯಾಂಕಿನ ಔತಣದಲ್ಲಿ ಅವನು ಗ್ಲಾಸು ಎತ್ತಿದ ಹಾಗೆಲ್ಲ ಮಿಲಿ ಫೋರ್ಕಿನಿಂದ ಮೇಜುಬಟ್ಟೆಯ ಮೇಲೆ ಗೆರೆ ಎಳೆಯುತ್ತಾಳೆ. ನಗು ಬರುತ್ತದೆ. ಕುಡಿತ ಬಿಟ್ಟನೇ ಎಂದು ಕೊನೆಗೂ ಹೇಳುವುದಿಲ್ಲ.

ಇದು ಹಿಡಿಸಿದರೆ ಜಾನ್ ಹ್ಯೂಸ್ಟನ್‌ನ ‘ಲೆಟ್ ದೇರ್ ಬಿ ಲೈಟ್’ ಹುಡುಕಿ ನೋಡಿ. ಅದೇ ಯುದ್ಧದಿಂದ ಮನಸ್ಸು ಒಡೆದು ಬಂದ ನಿಜವಾದ ಸೈನಿಕರು, ನಿಜವಾದ ಆಸ್ಪತ್ರೆ. ಒಂದು ಗಂಟೆಯೊಳಗೆ ಮುಗಿಯುತ್ತದೆ. ಅಮೆರಿಕದ ಸೇನೆ ತಾನೇ ಮಾಡಿಸಿ, ನೋಡಿ ಬೆಚ್ಚಿ, ಮೂವತ್ತಕ್ಕೂ ಹೆಚ್ಚು ವರ್ಷ ಸಾರ್ವಜನಿಕರಿಗೆ ತೋರಿಸಲಿಲ್ಲ.