ಕಲಸುವುದನ್ನು ಮೊದಲು ಕಲಿಸುವ ಪುಸ್ತಕ

ಇಸ್ಪೀಟಿನ ಜಾದೂ ಕಲಿಯಲು ಯಾವ ಪುಸ್ತಕ ಹಿಡಿಯಬೇಕು ಎಂದು ಬಲ್ಲವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಎರ್ಡ್‌ನೇಸ್ ಓದು ಎನ್ನುವವರುಂಟು, ಕೈಚಳಕವೇ ಬೇಡದ ಆಟಗಳ ಸಂಗ್ರಹವೊಂದು ಸಾಕು ಎನ್ನುವವರುಂಟು, ರಾಬರ್ಟೊ ಜೋಬಿಯ ಐದೂ ಸಂಪುಟ ಕೊಂಡುಬಿಡು ಎನ್ನುವವರೂ ಉಂಟು. ಹೆಸರುಗಳ ಈ ಜಗ್ಗಾಟದಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ಹಿಂದೆ ಬೀಳುತ್ತದೆ: ಆ ಪುಸ್ತಕ ಯಾವುದಾದ ಮೇಲೆ ಯಾವುದನ್ನು ಕಲಿಸುತ್ತದೆ? ಮೊದಲ ಪುಸ್ತಕವನ್ನು ಅಳೆಯಬೇಕಾದದ್ದು ಇದೊಂದರಿಂದಲೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಷ್ಟು ಆಟಗಳಿವೆ, ಬರೆದವರು ಎಷ್ಟು ಪ್ರಸಿದ್ಧರು, ತಂತ್ರಗಳು ಎಷ್ಟು ಹೊಸವು ಎಂಬುದನ್ನೆಲ್ಲ ಎರಡನೆಯ ಪುಸ್ತಕ ಕೊಳ್ಳುವಾಗ ವಿಚಾರಿಸಬಹುದು. ಪಾಠದ ಕ್ರಮವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ, ಜೀನ್ ಹ್ಯೂಗಾರ್ಡ್ ಮತ್ತು ಫ್ರೆಡರಿಕ್ ಬ್ರೌವೆ 1948ರಲ್ಲಿ ಹೊರತಂದ ‘ದ ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್’ ಹೊಸಬರ ಕೈಗೆ ಕೊಡಲು ಇವತ್ತಿಗೂ ಎಲ್ಲಕ್ಕಿಂತ ತಕ್ಕ ಪುಸ್ತಕ.

ಅದರ ಮೊದಲ ಅಧ್ಯಾಯ ಎಲೆ ಕಲಸುವುದರ ಬಗ್ಗೆ. ಕಟ್ಟನ್ನು ಬಲಗೈಯಲ್ಲಿ ಹಿಡಿದು, ಎಡಗೈ ಹೆಬ್ಬೆರಳಿನಿಂದ ಮೇಲಿನ ಎಲೆಗಳನ್ನು ಕಂತುಕಂತಾಗಿ ಎಡ ಅಂಗೈಗೆ ಜಾರಿಸಿಕೊಳ್ಳುತ್ತಾರಲ್ಲ, ಇಂಗ್ಲಿಷಿನಲ್ಲಿ ಓವರ್‌ಹ್ಯಾಂಡ್ ಶಫಲ್ ಎನ್ನುವುದು, ಅದು. ಮಾಯೆ ಕಲಿಯಲು ಬಂದವರಿಗೆ ಇದು ಸಪ್ಪೆ ಅನ್ನಿಸಬಹುದು. ಆದರೆ ಅದೇ ಕಲಸಾಟದ ನಡುವೆ ಒಂದೆಡೆ ಕಂತಿನ ಬದಲು ಒಂದೇ ಎಲೆ ಜಾರಿಸುವುದು, ಇನ್ನೊಂದೆಡೆ ಒಂದು ಎಲೆಯನ್ನು ಮೈಕಡೆಗೆ ಕೂದಲೆಳೆಯಷ್ಟು ಚಾಚಿಬಿಡುವುದು, ಇಷ್ಟು ಕೈಗೆ ಬಂದರೆ ಪ್ರೇಕ್ಷಕರು ಆರಿಸಿದ ಎಲೆ ಐವತ್ತೆರಡರಲ್ಲಿ ಕಳೆದುಹೋದಂತೆ ಕಂಡರೂ ಜಾದೂಗಾರನಿಗೆ ಬೇಕಾದ ಜಾಗದಲ್ಲೇ ಇರುತ್ತದೆ. ಇಲ್ಲಿಂದ ಶುರುಮಾಡಿದ್ದರ ಹಿಂದೆ ತುಂಬ ಯೋಚನೆ ಇದೆ. ಎಲೆ ಕಲಸುವುದನ್ನು ಎಲ್ಲರೂ ನೋಡಿದ್ದಾರೆ, ಅನುಮಾನ ಹುಟ್ಟುವುದಿಲ್ಲ. ಕಲಿಯುವವರ ಕೈಗೆ ಅರ್ಧ ಕೆಲಸ ಆಗಲೇ ಗೊತ್ತಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಕೈ ತಪ್ಪಿದರೆ ನೋಡುವವರಿಗೆ ಕಾಣುವುದು ಎಲೆ ಕಲಸಿದ್ದಷ್ಟೇ, ಗುಟ್ಟು ಬಯಲಾಗುವುದಿಲ್ಲ. ಹೊಸಬರು ನಾಲ್ಕು ಜನರ ಎದುರು ಧೈರ್ಯವಾಗಿ ತಪ್ಪು ಮಾಡಬಲ್ಲ ತಂತ್ರಗಳು ಈ ವಿದ್ಯೆಯಲ್ಲಿ ಬಹಳ ಇಲ್ಲ. ಇರುವ ಕೆಲವನ್ನು ಈ ಪುಸ್ತಕ ಮುಂದೆ ತಂದು ಇಟ್ಟಿದೆ.

ಕರ್ನಾಟಕ ಸಂಗೀತ ಕಲಿತವರಿಗೆ ಇಲ್ಲಿನ ದಾರಿ ಪರಿಚಿತ ಅನ್ನಿಸುತ್ತದೆ. ಪುರಂದರದಾಸರ ಹೆಸರಿನಲ್ಲಿ ಬಂದಿರುವ ಪಾಠಕ್ರಮದಲ್ಲಿ ಸರಳೆ, ಜಂಟಿ, ಅಲಂಕಾರಗಳಾದ ಮೇಲೆ ಗೀತೆ ಬರುತ್ತದೆ. ಒಂದರ ಹೆಗಲೇರಿ ಇನ್ನೊಂದು ನಿಲ್ಲುತ್ತದೆ. ಒಂದು ವ್ಯತ್ಯಾಸವಿದೆ. ಅಲ್ಲಿ ಗೀತೆಯ ತನಕ ಕಾಯಬೇಕು, ಇಲ್ಲಿ ಪ್ರತಿ ವರಸೆಗೂ ಅದರದೇ ಗೀತೆಗಳಿವೆ. ಒಂದು ತಂತ್ರವನ್ನು ವಿವರಿಸಿದ ಬೆನ್ನಿಗೇ ಆ ತಂತ್ರವೊಂದರಿಂದಲೇ, ಅಥವಾ ಅದುವರೆಗೆ ಕಲಿತಷ್ಟರಿಂದಲೇ ಮಾಡಬಹುದಾದ ಆಟಗಳು ಬರುತ್ತವೆ. ಕನ್ನಡಿಯ ಮುಂದೆ ಬೆರಳು ಪಳಗಿಸಿಕೊಂಡೇ ವರ್ಷ ಕಳೆದು, ಯಾರಿಗೂ ಏನನ್ನೂ ತೋರಿಸದೆ ಬೇಸತ್ತು ಬಿಡುವವರಿಗೆ ಇದರಷ್ಟು ಒಳ್ಳೆಯ ಮದ್ದಿಲ್ಲ. ಇನ್ನೂ ಸೂಕ್ಷ್ಮವಾದದ್ದು, ಕಲಸುವ ಪಾಠ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಎಲೆಯ ಗುರುತನ್ನು ಕದ್ದು ನೋಡುವುದು, ಸುಳಿವಿನ ಎಲೆಯ ಉಪಾಯ ಮುಂತಾದ ಅಧ್ಯಾಯಗಳನ್ನು ದಾಟಿದ ಮೇಲೆ ಅದೇ ಕಲಸುವಿಕೆ ಎರಡನೆಯ ಸಲ ತನ್ನದೇ ಅಧ್ಯಾಯವಾಗಿ ಮರಳುತ್ತದೆ, ಮೊದಲಿಗಿಂತ ಬಿಗಿಯಾಗಿ. ಎರಡು ಎಲೆಗಳನ್ನು ಒಂದೇ ಎಂಬಂತೆ ತಿರುಗಿಸಿ ತೋರಿಸುವ ಡಬಲ್ ಲಿಫ್ಟ್ ಅದಕ್ಕೂ ಆಚೆ ಇದೆ. ಇವತ್ತು ಫೋನಿನಲ್ಲಿ ನೋಡಿ ಕಲಿಯುವ ಹುಡುಗರು ಮೊದಲ ದಿನವೇ ಕೈಹಾಕುವುದು ಈ ಡಬಲ್ ಲಿಫ್ಟಿಗೆ. ಎರಡು ಎಲೆ ಒಂದಕ್ಕೊಂದು ಅಂಟಿಕೊಂಡಂತೆ ಚಲಿಸಬೇಕಾದರೆ ಕಟ್ಟನ್ನು ಹಗುರವಾಗಿ, ನಿರಾಳವಾಗಿ ಹಿಡಿಯುವುದು ಮೊದಲು ಬರಬೇಕು. ಅದು ಬರುವುದು ಕಲಸಿ ಕಲಸಿ ಕೈ ಸಡಿಲಗೊಂಡ ಮೇಲೆಯೇ.

ಈ ಕ್ರಮ ಆಕಸ್ಮಿಕವಾಗಿ ಒದಗಿದ್ದಲ್ಲ ಎನ್ನಲು ಒಂದು ಸಾಕ್ಷಿ ಇದೆ. ಇದೇ ಇಬ್ಬರು 1940ರಲ್ಲಿ ‘ಎಕ್ಸ್‌ಪರ್ಟ್ ಕಾರ್ಡ್ ಟೆಕ್ನಿಕ್’ ಎಂಬ ಗ್ರಂಥ ತಂದಿದ್ದರು. ಅಂದಿನ ನುರಿತವರ ಕೈಯಲ್ಲಿದ್ದ ತಂತ್ರಗಳನ್ನು ರಾಶಿ ಹಾಕಿದ ಪುಸ್ತಕ ಅದು. ಅಷ್ಟನ್ನೆಲ್ಲ ಬರೆದು ಮುಗಿಸಿದವರು ಎಂಟು ವರ್ಷಗಳ ನಂತರ ಹೊಸಬರಿಗಾಗಿ ಕೂತು, ಬಲ್ಲದ್ದರಲ್ಲಿ ಬಹುಪಾಲನ್ನು ಬದಿಗಿಟ್ಟರು. ಏನನ್ನು ಬಿಡಬೇಕೆಂಬ ಈ ವಿವೇಕ ಪಾಠಪುಸ್ತಕ ಬರೆಯುವವರಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಎರ್ಡ್‌ನೇಸ್ ಪಕ್ಷದವರ ಮಾತನ್ನು ಮೊದಲು ಎತ್ತಿಕೊಳ್ಳೋಣ, ಏಕೆಂದರೆ ಅದರ ಹಿಂದಿರುವ ಹೆಸರು ದೊಡ್ಡದು. ಎಸ್. ಡಬ್ಲ್ಯೂ. ಎರ್ಡ್‌ನೇಸ್ ಎಂಬ ಗುಪ್ತನಾಮದಲ್ಲಿ 1902ರಲ್ಲಿ ಶಿಕಾಗೋದಲ್ಲಿ ಅಚ್ಚಾದ ‘ದ ಎಕ್ಸ್‌ಪರ್ಟ್ ಅಟ್ ದ ಕಾರ್ಡ್ ಟೇಬಲ್’ ಈ ವಿದ್ಯೆಯ ಶಾಸ್ತ್ರಗ್ರಂಥ. ಬರೆದವನು ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಹೆಸರನ್ನು ಹಿಂದುಮುಂದಾಗಿ ಓದಿದರೆ ಇ. ಎಸ್. ಆಂಡ್ರ್ಯೂಸ್ ಎಂದಾಗುತ್ತದೆ ಎಂಬುದರಿಂದ ಹಿಡಿದು ಹತ್ತಾರು ಊಹೆಗಳಿವೆ. ಕೃತಿಸ್ವಾಮ್ಯ ಮುಗಿದಿರುವುದರಿಂದ ಪುಕ್ಕಟೆಯಾಗಿಯೇ ಸಿಗುತ್ತದೆ. ಹೊಗಳಿಕೆಯೂ ಪುಕ್ಕಟೆ ಪ್ರತಿಯೂ ಕೂಡಿದರೆ ಹೊಸಬರು ಅತ್ತ ಓಡುವುದು ಸಹಜ. ಆದರೆ ಅದರ ಮೊದಲ ದೊಡ್ಡ ಭಾಗ ಜಾದೂವಿನದಲ್ಲ, ಜೂಜಿನ ಮೇಜಿನದು: ಅಡಿಯ ಎಲೆಯನ್ನು ಮೇಲಿನದೆಂಬಂತೆ ಹಂಚುವುದು, ಕಟ್ ಮಾಡಿದ ಕಟ್ಟನ್ನು ಯಾರಿಗೂ ತಿಳಿಯದಂತೆ ಮೊದಲಿನ ಸ್ಥಿತಿಗೆ ತರುವುದು, ಈ ಬಗೆಯವು. ಜೂಜಿನಲ್ಲಿ ಮೋಸ ಮಾಡುವವನಿಗೆ ಏನೂ ನಡೆದೇ ಇಲ್ಲ ಎಂದು ಜನಕ್ಕೆ ಅನ್ನಿಸಬೇಕು. ಜಾದೂಗಾರನಿಗೆ ಏನೋ ನಡೆಯಿತು ಎಂದು ಅನ್ನಿಸಲೇಬೇಕು. ಗುರಿಯೇ ಬೇರೆಯಾದ ಮೇಲೆ ಅಲ್ಲಿನ ಪಾಠ ಹೊಸಬರಿಗೆ ಸಂದರ್ಭವಿಲ್ಲದ ಬೆರಳಿನ ಕಸರತ್ತಾಗಿ ಉಳಿಯುತ್ತದೆ. ಜಾದೂ ಆಟಗಳು ಬರುವುದು ಕೊನೆಗೆ, ಅವೂ 14 ಮಾತ್ರ. ಡೈ ವರ್ನನ್ ಬಾಲ್ಯದಲ್ಲೇ ಈ ಪುಸ್ತಕವನ್ನು ಅರೆದು ಕುಡಿದು ಇಪ್ಪತ್ತನೆಯ ಶತಮಾನದ ಇಸ್ಪೀಟು ಜಾದೂವಿಗೇ ಗುರುವಾದರಲ್ಲ ಎಂದು ಕೇಳುವವರಿದ್ದಾರೆ. ನಿಜ. 1894ರಲ್ಲಿ ಹುಟ್ಟಿದ ವರ್ನನ್ ಹುಡುಗನಾಗಿದ್ದಾಗ ‘ರಾಯಲ್ ರೋಡ್’ ಬರಲು ಇನ್ನೂ ದಶಕಗಳಿದ್ದವು. ಅವರು ಹತ್ತಿದ ಬಂಡೆಯನ್ನೇ ಎಲ್ಲರೂ ಹತ್ತಬೇಕೆಂದರೆ, ಹತ್ತಲಾರದೆ ಬಿದ್ದು ಸುಮ್ಮನಾದವರ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ಕೈಚಳಕವಿಲ್ಲದ ಆಟಗಳಿಂದ ಶುರುಮಾಡಿ ಎನ್ನುವವರ ವಾದ ಇದಕ್ಕಿಂತ ಗಟ್ಟಿಯಾದದ್ದು. ಜಾನ್ ಸ್ಕಾರ್ನ್ 1950ರಲ್ಲಿ ಅಂಥ 155 ಆಟಗಳನ್ನು ಒಟ್ಟುಮಾಡಿದರು, ಕಾರ್ಲ್ ಫಲ್ವ್ಸ್ 1976ರಲ್ಲಿ 72 ಆಟಗಳ ಅಗ್ಗದ ಪುಸ್ತಕ ತಂದರು. ಬೆರಳಿನ ಚಿಂತೆ ಇಲ್ಲದಿದ್ದರೆ ಗಮನವೆಲ್ಲ ಮಾತಿನ ಮೇಲೆ, ಪ್ರೇಕ್ಷಕರ ಮೇಲೆ ಇರುತ್ತದೆ ಎನ್ನುತ್ತಾರೆ. ಒಪ್ಪುವ ಮಾತೇ. ಆದರೆ ಇಂಥ ಸಂಗ್ರಹಗಳಲ್ಲಿ 1ನೆಯ ಆಟವೂ 72ನೆಯ ಆಟವೂ ಒಂದೇ ಮೆಟ್ಟಿಲ ಮೇಲೆ ನಿಂತಿರುತ್ತವೆ. ಒಂದನ್ನು ಕಲಿತದ್ದರಿಂದ ಇನ್ನೊಂದು ಸುಲಭವಾಗುವುದಿಲ್ಲ. ಇಪ್ಪತ್ತೊಂದು ಎಲೆಗಳನ್ನು ಏಳೇಳರ ಮೂರು ಸಾಲಾಗಿ ಹಾಸಿ, ನಿನ್ನ ಎಲೆ ಯಾವ ಸಾಲಿನಲ್ಲಿದೆ ಎಂದು ಮೂರು ಸಲ ಕೇಳುವ ಆಟ ನಮ್ಮಲ್ಲಿ ಅನೇಕರಿಗೆ ಗೊತ್ತು. ಬೇಸಿಗೆ ರಜೆಯಲ್ಲಿ ಕಲಿತ ಆ ಆಟದಿಂದ ಮುಂದಿನ ಆಟಕ್ಕೆ ದಾಟಿದವರು ಎಷ್ಟು ಮಂದಿ? ಎಣಿಸುವುದು, ಹಾಸುವುದು, ಮತ್ತೆ ಎಣಿಸುವುದು ಇವುಗಳ ನಡುವೆ ಬೆರಗು ಆರಿಹೋಗುತ್ತದೆ. ಕಲಸುವುದೊಂದು ಕೈಗೆ ಬಂದರೆ ಅದೇ ಎಣಿಕೆಯ ಆಟಗಳೂ ನಂಬಲಾಗದಂತೆ ಆಗುತ್ತವೆ, ಏಕೆಂದರೆ ಎಲೆಗಳು ಬೆರೆತದ್ದನ್ನು ಪ್ರೇಕ್ಷಕರು ಕಣ್ಣಾರೆ ಕಂಡಿರುತ್ತಾರೆ. ‘ರಾಯಲ್ ರೋಡ್’ ತಾನಾಗಿ ನಡೆಯುವ ಆಟಗಳನ್ನು ದೂರ ಇಟ್ಟೂ ಇಲ್ಲ. ಪ್ರೇಕ್ಷಕರೇ ಕಟ್ಟನ್ನು ನಾಲ್ಕು ಪಾಲು ಮಾಡಿ, ತಮ್ಮ ಕೈಯಿಂದಲೇ ನಾಲ್ಕು ಎಕ್ಕಗಳನ್ನು ಹೊರತೆಗೆಯುವ ‘ಪೋಕರ್ ಪ್ಲೇಯರ್ಸ್ ಪಿಕ್ನಿಕ್’ ಎಂಬ ಸೊಗಸಾದ ಆಟ ಅದರಲ್ಲಿದೆ. ಅದಕ್ಕೆ ಮೊದಲು ಒಂದು ಸುಳ್ಳು ಕಲಸುವಿಕೆ ಸೇರಿಸಿ ನೋಡಿ, ಆಟದ ತೂಕವೇ ಬದಲಾಗುತ್ತದೆ.

ಸ್ವಿಟ್ಜರ್ಲೆಂಡಿನ ಜೋಬಿ ಅವರ ‘ಕಾರ್ಡ್ ಕಾಲೇಜ್’ ವಿಷಯದಲ್ಲಿ ನನ್ನ ಬಳಿ ಎದುರುವಾದ ಕಡಿಮೆ. ಜರ್ಮನ್ ಭಾಷೆಯಲ್ಲಿ ಬರೆದದ್ದು, 1996ರಿಂದ ಇಂಗ್ಲಿಷಿಗೆ ಬಂತು, ಒಟ್ಟು ಐದು ಸಂಪುಟ. ಪ್ರತಿ ಬೆರಳು ಎಲ್ಲಿರಬೇಕು, ಕಣ್ಣು ಎತ್ತ ನೋಡಬೇಕು ಎಂಬುದರ ತನಕ ಅಲ್ಲಿನ ವಿವರಣೆ ಹ್ಯೂಗಾರ್ಡ್ ಜೋಡಿಯದಕ್ಕಿಂತ ನಿಖರ, ತಂತ್ರಗಳೂ ಪರಿಷ್ಕೃತ. ದುಡ್ಡಿಗೂ ಸಮಯಕ್ಕೂ ಕೊರತೆಯಿಲ್ಲದೆ, ಈ ವಿದ್ಯೆಯನ್ನು ಬಿಡುವುದಿಲ್ಲ ಎಂದು ಆಗಲೇ ನಿಶ್ಚಯಿಸಿದವರು ಮೊದಲ ಸಂಪುಟದಿಂದ ಶುರುಮಾಡಿದರೆ ನಾನು ತಡೆಯುವುದಿಲ್ಲ. ಆದರೆ ಮೊದಲ ಪುಸ್ತಕ ಕೊಳ್ಳುವ ಹೆಚ್ಚಿನವರು ಆ ನಿಶ್ಚಯಕ್ಕೆ ಇನ್ನೂ ಬಂದಿರುವುದಿಲ್ಲ. ಅವರಿಗೆ ಒಂದೇ ರಟ್ಟಿನೊಳಗೆ ಕಲಸುವುದರಿಂದ ಹಿಡಿದು ವೇದಿಕೆಯ ಆಟಗಳ ತನಕ ಪೂರ್ತಿ ದಾರಿಯನ್ನು ಕಾಣಿಸುವ ಅಗ್ಗದ ಪುಸ್ತಕ ಬೇಕು. ಜೋಬಿ ಎರಡನೆಯವರಾಗಿ ಬಂದರೆ ಅವರ ಸೂಕ್ಷ್ಮಗಳ ಬೆಲೆಯೂ ಚೆನ್ನಾಗಿ ತಿಳಿಯುತ್ತದೆ.

ಇನ್ನು ವಿಡಿಯೋ ಇರುವಾಗ ಪುಸ್ತಕವೇ ಏಕೆ ಎಂಬ ಪ್ರಶ್ನೆ. ಕೈಯ ಲಯವನ್ನು, ವೇಗವನ್ನು ವಿಡಿಯೋ ತೋರಿಸುವಷ್ಟು ಚೆನ್ನಾಗಿ ಯಾವ ಚಿತ್ರವೂ ತೋರಿಸಲಾರದು. ಒಂದು ಅಧ್ಯಾಯ ಓದಿ ಕೈಗೆ ಹಚ್ಚಿಕೊಂಡ ಮೇಲೆ ಅದೇ ತಂತ್ರವನ್ನು ನೋಡುವುದರಿಂದ ಲಾಭವೇ. ನೋಡಿಯೇ ಕಲಿತರೆ ಮಾತ್ರ, ತಂತ್ರದ ಜತೆಗೆ ಆ ಮನುಷ್ಯನ ಮಾತು, ನಿಲುವು, ನಗು ಎಲ್ಲವೂ ನಮಗಂಟುತ್ತವೆ. ಪುಸ್ತಕದ ಬಡತನವೇ ಇಲ್ಲಿ ನಮಗೆ ಒದಗಿಬರುತ್ತದೆ. ‘ರಾಯಲ್ ರೋಡ್’ ಕೊಡುವ ಸಂಭಾಷಣೆಗಳು 1940ರ ದಶಕದ ಅಮೆರಿಕದ ಬೈಠಕ್‌ಖಾನೆಗೆ ಹೊಂದುವಂಥವು, ಹುಬ್ಬಳ್ಳಿಯಲ್ಲೋ ಮಡಿಕೇರಿಯಲ್ಲೋ ಅವನ್ನು ಹಾಗೇ ಹೇಳಲಾಗದು. ಹಾಗಾಗಿ ಓದಿದವರು ತಮ್ಮ ಮಾತನ್ನು ತಾವೇ ಕಟ್ಟಬೇಕು. ಭಾಷೆ ತೊಡಕಾಗುತ್ತದೆ ಎಂಬ ದೂರಿಗೂ ಇದರಲ್ಲೇ ಉತ್ತರ ಇದೆ. ಪಾರಿಭಾಷಿಕ ಪದಗಳು ಹಲವಿಲ್ಲ, ಬಂದಲ್ಲೇ ಅರ್ಥವನ್ನೂ ಹೇಳುತ್ತಾರೆ. ಕಟ್ಟನ್ನು ಕೈಯಲ್ಲಿ ಹಿಡಿದು, ಒಂದೊಂದು ವಾಕ್ಯ ಓದಿ, ಅದನ್ನು ಕನ್ನಡದಲ್ಲಿ ತನಗೆ ತಾನೇ ಹೇಳಿಕೊಂಡು, ಆಮೇಲೆ ಬೆರಳು ಸರಿಸಿದವರಿಗೆ ಆ ವಾಕ್ಯ ಮರೆಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಪುಸ್ತಕದ ಕ್ರಮಕ್ಕೆ ಎರಡು ತಿದ್ದುಪಡಿ ಸೂಚಿಸುತ್ತೇನೆ. ಎಲೆಯನ್ನು ಅಂಗೈಯಲ್ಲಿ ಮರೆಮಾಡುವ ಪಾಠ ತೀರ ಬೇಗ ಬರುತ್ತದೆ. ಅದು ಬೆರಳಿಗಿಂತ ಎದೆಗಾರಿಕೆ ಕೇಳುವ ತಂತ್ರ, ಡಬಲ್ ಲಿಫ್ಟ್ ಆಗುವವರೆಗೆ ಕಾದರೆ ನಷ್ಟವಿಲ್ಲ. ಎರಡನೆಯದು ನಮ್ಮವರಿಗೇ ಮೀಸಲಾದದ್ದು. ಕಟ್ಟಿನ ತುದಿಯನ್ನು ಹಿಡಿದು, ಮೇಲಿನಿಂದ ಸಣ್ಣ ಸಣ್ಣ ಕಂತುಗಳನ್ನು ಇನ್ನೊಂದು ಕೈಗೆ ಎಳೆದು ಬೀಳಿಸುತ್ತ ಕಲಸುವ ರೀತಿಯನ್ನು ಪಶ್ಚಿಮದ ಜಾದೂಗಾರರು ಹಿಂದೂ ಶಫಲ್ ಎನ್ನುತ್ತಾರೆ. ರಮ್ಮಿ ಆಡುವ ನಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ ಕಲಸುವಿಕೆಯೇ ಅದು. ಅಮೆರಿಕದ ಓದುಗರಿಗೆ ಅದು ಹೊಸತಾಗಿ ಕಂಡೀತೆಂದೋ ಏನೋ, ಹ್ಯೂಗಾರ್ಡ್ ಮತ್ತು ಬ್ರೌವೆ ಅದನ್ನು ಪುಸ್ತಕದ ಉತ್ತರಾರ್ಧಕ್ಕೆ ತಳ್ಳಿದ್ದಾರೆ. ಕನ್ನಡದ ಓದುಗರು ಮೊದಲ ಅಧ್ಯಾಯ ಮುಗಿದ ಕೂಡಲೇ ಪುಟ ಹಾರಿಸಿ ಅಲ್ಲಿಗೆ ಹೋಗಬಹುದು. ಚಿಕ್ಕಂದಿನಿಂದ ಆ ಚಲನೆಯನ್ನು ನೋಡುತ್ತ ಬೆಳೆದ ಕಣ್ಣುಗಳ ಮುಂದೆ, ಅದನ್ನೇ ಮಾಡುತ್ತ ಬೆಳೆದ ಕೈಗಳಿಗೆ, ಆರಿಸಿದ ಎಲೆಯನ್ನು ಕಟ್ಟಿನ ಮೇಲಕ್ಕೆ ತರಲು ಅದಕ್ಕಿಂತ ಸಹಜವಾದ ದಾರಿ ಆ ಪುಸ್ತಕದಲ್ಲಿ ಬೇರೆ ಇಲ್ಲ.